ಮನೆ-ಮಾತು: ಮಲಗುವ ಕೋಣೆಗೊಂದು ಜಮಖಾನ

ಸಂಘದ ಎಳೆಯ ಗೆಳೆಯ ಗೆಳತಿಯರೇ,

ನಿಮ್ಮಲ್ಲಿ ಹಲವರು ಓದು ಮುಗಿಸಿ ಕೆಲಸಕ್ಕೆ ಸೇರಿದ್ದೀರಿ. ಕೆಲವರು ಮದುವೆಯಾಗಿ ಬೆಹಾಲಾ, ಸಾಲ್ಟ್ ಲೇಕ್, ರಾಜಾರ್‌ಹಾಟ್ ಕಡೆ ಫ್ಲ್ಯಾಟು ಹಿಡಿದಿದ್ದೀರಿ. ಮಂಚ, ಬೀರು, ಪರದೆ ಎಲ್ಲಾ ಆದ ಮೇಲೆ ಮಲಗುವ ಕೋಣೆಯ ಬರಿನೆಲ ಕಣ್ಣಿಗೆ ಬೀಳುತ್ತದೆ. "ಒಂದು ರಗ್ ತಂದು ಹಾಕೋಣ" ಎಂದು ಗಡಿಯಾಹಾಟ್ ಕಡೆಗೆ ಹೊರಡುತ್ತೀರಿ. ಹೊರಡುವ ಮುಂಚೆ ಈ ನಾಲ್ಕು ಮಾತು ಕೇಳಿ.

ಮೊದಲು ಅಪ್ಪ-ಅಮ್ಮನ ಮನೆಯ ಟ್ರಂಕು ತೆಗೆಸಿ ನೋಡಿ. ಕೆಂಪು, ಹಳದಿ, ಹಸಿರು ಎದ್ದು ಕಾಣುವ ದಪ್ಪ ಹತ್ತಿಯ ಹಾಸೊಂದು ಮಡಚಿಟ್ಟಿರಬಹುದು. ಹಬ್ಬಕ್ಕೆ, ಭಜನೆಗೆ, ನೆಂಟರು ಬಂದಾಗ ಹಾಸುತ್ತಿದ್ದುದು. ನಾವು ಅದನ್ನು ಜಮಖಾನ ಎನ್ನುತ್ತೇವೆ. ನಿಮ್ಮ ಬಂಗಾಳಿ ಗೆಳೆಯರು ಶತರಂಚಿ ಎನ್ನುತ್ತಾರೆ. ಶತರಂಜ್ ಎಂದರೆ ಚದುರಂಗ. ಅದರ ಮನೆಗಳಂಥ ಚೌಕಗಳಿಂದ ಆ ಹೆಸರು ಬಂತು ಎನ್ನುತ್ತಾರೆ. ತಮಾಷೆ ನೋಡಿ, ನಮ್ಮ ಜಮಖಾನದ ನಡುವೆಯೂ ಒಂದು ಆಟದ ಹಾಸೇ ಇರುತ್ತದೆ: ಪಗಡೆ!

ಈ ಪಗಡೆ, ನವಿಲಿನ ಚಿತ್ತಾರದ ಜಮಖಾನಕ್ಕೆ ಹೆಸರಾದ ಊರು ಧಾರವಾಡ ಜಿಲ್ಲೆಯ ನವಲಗುಂದ. 1980ರ ರೈತ ಹೋರಾಟದಿಂದ ಆ ಊರಿನ ಹೆಸರು ಕೇಳಿದವರಿದ್ದೀರಿ. ಅಲ್ಲಿ ಜಮಖಾನ ನೇಯುವವರು ಮುಸ್ಲಿಂ ಮನೆತನಗಳ ಹೆಂಗಸರು. ಆದಿಲ್‌ಶಾಹಿ ಕಾಲದಲ್ಲಿ ಬಿಜಾಪುರದಿಂದ ಬಂದ ಕುಟುಂಬಗಳು ಎಂಬ ಮಾತಿದೆ. ಮನೆಯೊಳಗೇ ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು, ಬಣ್ಣ ಬಣ್ಣದ ಹತ್ತಿ ನೂಲನ್ನು ಕೈಯಿಂದಲೇ ಹೆಣೆಯುತ್ತಾರೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಆದರೆ ಮಾನ್ಯತೆಯಿಂದ ಹೊಟ್ಟೆ ತುಂಬುವುದಿಲ್ಲ. ಮಿಲ್ಲಿನ ಅಗ್ಗದ ಹಾಸಿನ ಎದುರು ಕೈನೇಯ್ಗೆ ನಿಲ್ಲುವುದು ಕಷ್ಟ. ನೇಯುವ ಕೈಗಳು ಬೆರಳೆಣಿಕೆಗೆ ಇಳಿಯುತ್ತಿವೆ. ನಿಮ್ಮ ಟ್ರಂಕಿನಲ್ಲಿರುವುದು ಅಂಥದ್ದಾದರೆ, ಅದರ ಜೋಡಿ ನಾಳೆ ಸಿಗುತ್ತದೆಂಬ ಭರವಸೆ ಇಲ್ಲ.

ಇನ್ನು ಆರಿಸುವ ವಿಚಾರ. ಕೋಲ್ಕತ್ತದಲ್ಲಿ ಬಣ್ಣಕ್ಕಿಂತ ಮೊದಲು ಹವೆಯನ್ನು ನೋಡಬೇಕು. ಮಳೆಗಾಲದಲ್ಲಿ ಇಲ್ಲಿನ ಮೊಸಾಯಿಕ್ ನೆಲ, ಹಳೆಯ ಮನೆಗಳ ಕೆಂಪು ನೆಲ ಬೆವರುವುದನ್ನು ನೀವೇ ಕಂಡಿದ್ದೀರಿ. ಬೆನ್ನಿಗೆ ಪೂರ್ತಿ ರಬ್ಬರ್ ಅಂಟಿಸಿದ ರಗ್ ಆ ತೇವವನ್ನು ಕೆಳಗೇ ಹಿಡಿದಿಡುತ್ತದೆ, ವಾಸನೆ ಹುಟ್ಟುತ್ತದೆ. ಸೆಣಬು ಈ ನಾಡಿನದೇ ಪದಾರ್ಥ. 1855ರಲ್ಲೇ ಹೂಗ್ಲಿ ದಂಡೆಯ ರಿಷ್ರಾದಲ್ಲಿ ಮಿಲ್ಲು ಶುರುವಾಗಿತ್ತು. ಅಗ್ಗ, ನೋಟಕ್ಕೂ ಚೆಂದ. ಆದರೆ ನೀರು ಚೆಲ್ಲಿದರೆ ಕಲೆ ಉಳಿಯುತ್ತದೆ, ತೇವದಲ್ಲಿ ಬೂಷ್ಟು ಹಿಡಿಯುತ್ತದೆ. ಉಣ್ಣೆಗೆ ನುಸಿಯ ಕಾಟ. ಎತ್ತಿ ಕೊಡವಲು, ಬಿಸಿಲಿಗೆ ಹಾಕಲು, ಮಗುಚಿ ಎರಡೂ ಕಡೆ ಬಳಸಲು ಹತ್ತಿಯ ಜಮಖಾನವೇ ಸುಲಭ. ಬೇಸಿಗೆಗೆ ಮೇದಿನಿಪುರದ ಮಾದುರ್ ಚಾಪೆಯೂ ತಂಪು. 2018ರಲ್ಲಿ ಅದಕ್ಕೂ ನಮ್ಮ ಜಮಖಾನದಂತೆಯೇ ಮಾನ್ಯತೆ ದೊರೆತಿದೆ. ಚಾಪೆಯನ್ನು ಸುರುಳಿ ಸುತ್ತಿಡಿ, ಮಡಚಬೇಡಿ.

ಅಳತೆಯಲ್ಲಿ ಬಹಳ ಮಂದಿ ಎಡವುತ್ತಾರೆ. ಕೋಣೆ 10 ಅಡಿಗೆ 12 ಅಡಿ, ಮಂಚ 5 ಅಡಿಗೆ ಆರೂವರೆ ಅಡಿ ಎಂದಿಟ್ಟುಕೊಳ್ಳಿ. ಮಂಚ ನಡುವೆ ಇದ್ದರೆ 5 ಅಡಿಗೆ 8 ಅಡಿಯ ಹಾಸನ್ನು ಅಡ್ಡಲಾಗಿ ಹಾಕಿ. ತಲೆಯ ಕಡೆ ಮೂರಡಿ ನೆಲ ಬಿಟ್ಟು ಶುರು ಮಾಡಿದರೆ ಎರಡೂ ಪಕ್ಕದಲ್ಲಿ ಒಂದೂವರೆ ಅಡಿ, ಕಾಲಿನ ಕಡೆಯೂ ಒಂದೂವರೆ ಅಡಿ ಹೊರಗೆ ಕಾಣುತ್ತದೆ. ಬೆಳಿಗ್ಗೆ ಎದ್ದು ಕಾಲಿಟ್ಟರೆ ಹಾಸಿನ ಮೇಲೇ ಇಡುತ್ತೀರಿ. ಮಂಚ ಗೋಡೆಗೆ ತಾಗಿದ್ದರೆ ದೊಡ್ಡದರ ಗೊಡವೆ ಬೇಡ. ಇಳಿಯುವ ಪಕ್ಕಕ್ಕೆ ಎರಡೂವರೆ ಅಡಿಗೆ 6 ಅಡಿಯದು ಸಾಕು. ಒಳಗೆ ಸಾಮಾನು ತುಂಬುವ ಪೆಟ್ಟಿಗೆ ಮಂಚವಾದರೆ ಅದರಡಿ ಏನನ್ನೂ ಸೇರಿಸಬೇಡಿ, ಗುಡಿಸಲು ತೆಗೆಯಲಾಗುವುದಿಲ್ಲ. ಕಾಲು ಎತ್ತರದ ಹಳೆಯ ಬಂಗಾಳಿ ಮಂಚಕ್ಕೆ ಆ ತೊಂದರೆ ಇಲ್ಲ.

ದುಡ್ಡು ಕೊಡುವ ಮೊದಲು ಒಂದು ಪರೀಕ್ಷೆ. ಹಳೆಯ ಪತ್ರಿಕೆಗಳನ್ನು ಅದೇ ಅಳತೆಗೆ ಜೋಡಿಸಿ ನೆಲಕ್ಕೆ ಹಾಕಿ, ಎರಡು ದಿನ ಬಿಡಿ. ಬಾಗಿಲು ತೆರೆಯಿರಿ, ಬೀರು ತೆರೆಯಿರಿ, ರಾತ್ರಿ ದೀಪವಿಲ್ಲದೆ ಬಚ್ಚಲಿಗೆ ನಡೆದು ನೋಡಿ. ಕಾಲಿಗೆ ಕಾಗದ ಸಿಕ್ಕಿದ ಕಡೆ ಹಾಸಿನ ಅಂಚೂ ಸಿಕ್ಕುತ್ತದೆ.

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಊರಿನಿಂದ ಅಜ್ಜಿ ಬಂದು ನಿಮ್ಮಲ್ಲಿ ಎರಡು ತಿಂಗಳು ಇರುತ್ತಾರೆ. ನಡುರಾತ್ರಿ ಎದ್ದವರ ಕಾಲಿಗೆ ಮಡಚಿಕೊಂಡ ಮೂಲೆ ತೊಡರಿದರೆ ಸೊಂಟದ ಮೂಳೆಗೇ ಪೆಟ್ಟು. ಮಂಚದಿಂದ ಬಚ್ಚಲಿನ ದಾರಿ ಬರಿದಾಗಿರಲಿ. ಹಾಸಿನಡಿ ಜಾರದಂತೆ ತಡೆಯುವ ತೂತು ತೂತಿನ ಬಲೆ ಹಾಕಿ. ಅಷ್ಟಾದರೂ ಅನುಮಾನವಿದ್ದರೆ ಅಜ್ಜಿ ಇರುವಷ್ಟು ದಿನ ಸುತ್ತಿಡಿ. ನೆಲದ ಅಂದ ಎರಡು ತಿಂಗಳು ಕಾಯಬಲ್ಲದು.

ಟ್ರಂಕಿನ ಜಮಖಾನವನ್ನೇ ಹಾಸುವುದಾದರೆ, ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಮೂಲೆಯನ್ನು ಉಜ್ಜಿ. ಬಣ್ಣ ಬಿಟ್ಟರೆ ನೀರಿಗೆ ಹಾಕಬೇಡಿ, ಕೊಡವಿ ನೆರಳಿನಲ್ಲಿ ಗಾಳಿಗೆ ಹಾಕಿ. ಕೋಣೆಗೆ ದೊಡ್ಡದಾಯಿತೆಂದು ಕತ್ತರಿ ಮಾತ್ರ ಹಿಡಿಯಬೇಡಿ. ಕತ್ತರಿಸಿದ ಕಡೆಯಿಂದ ನೇಯ್ಗೆ ಬಿಚ್ಚಿಕೊಳ್ಳುತ್ತದೆ. ಮಂಚದಡಿಗೆ ಮಡಚಿ ಸೇರಿಸಿ. ನೂಲು ಜೀರ್ಣವಾಗಿದ್ದರೆ ಗೋಡೆಗೆ ತೂಗುಹಾಕಿ. ಇನ್ನೊಂದು ಮಾತು. ನವಲಗುಂದದಲ್ಲಿ ನಮಾಜಿನ ಹಾಸನ್ನೂ ನೇಯುತ್ತಾರೆ. ಕಮಾನಿನ ಚಿತ್ತಾರದ ಸಣ್ಣ ಹಾಸು ಕೈಗೆ ಬಂದರೆ ಅದನ್ನು ಕಾಲೊರಸು ಮಾಡಬೇಡಿ.

ಹೊಸದು ಕೊಳ್ಳುವವರು ರಜೆಗೆ ಹುಬ್ಬಳ್ಳಿಗೆ ಹೋದಾಗ ನವಲಗುಂದಕ್ಕೂ ಹೋಗಿ, ನೇಯುವವರ ಕೈಯಿಂದಲೇ ಕೊಳ್ಳಿ. ಬೆಲೆ ಹೆಚ್ಚೆನಿಸಿದರೆ ಎಷ್ಟು ದಿನದ ಕೆಲಸವೆಂದು ಕೇಳಿ, ದಿನಕ್ಕೆಷ್ಟು ಬಿತ್ತೆಂದು ಲೆಕ್ಕ ಹಾಕಿ. ಆಮೇಲೂ ಚೌಕಾಸಿ ಮಾಡುವ ಮನಸ್ಸಾದರೆ ಮಾಡಿ.

ಪೂಜೆಯ ರಜೆ ಮುಗಿದು ಬಿಸಿಲು ಗಟ್ಟಿಯಾದ ಮೇಲೆ ಒಂದು ಭಾನುವಾರ ಜಮಖಾನವನ್ನು ಚಾವಣಿಗೆ ಒಯ್ಯಿರಿ. ಅಮ್ಮನನ್ನೂ ಕರೆದುಕೊಂಡು ಹೋಗಿ, ಅದು ಯಾರದು, ಯಾವ ಊರಿನಿಂದ ಬಂತು ಎಂದು ಕೇಳಿ. ಉತ್ತರವನ್ನು ಚೀಟಿಯಲ್ಲಿ ಬರೆದು ಟ್ರಂಕಿನಲ್ಲಿಡಿ. ಒಂದು ಪ್ರತಿ ಪತ್ರಿಕೆಗೂ ಕಳಿಸಿ. ತಪ್ಪು ಕನ್ನಡವಾದರೂ ಪರವಾಗಿಲ್ಲ, ನಾವು ತಿದ್ದಿಕೊಳ್ಳುತ್ತೇವೆ.