ಅಂದರ್ ಆಡಿದವನು ಜಾಣ, ಬಾಹರ್ ಆಡಿದವನು ಜೂಜುಕೋರ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದು ತಾಲ್ಲೂಕಿನ ಬಡವರ ಸುದ್ದಿ ಪತ್ರಿಕೆಯಲ್ಲಿ ಬರೋದೇ ಅಪರೂಪ. ಬಂದರೆ ಅದು ಅಚ್ಚು ಹಾಕಿಟ್ಟ ಒಂದೇ ಸಾಲು: ಅಂದರ್ ಬಾಹರ್ ಜೂಜಾಟ, ಆರೋಪಿಗಳ ಬಂಧನ, ಪಣಕ್ಕಿಟ್ಟ ಹಣ ವಶ. ಇದೇ ಬಡವ ದುಡಿದ ದುಡ್ಡಲ್ಲಿ ಟಿಕೀಟು ಕೊಂಡು ಟಾಕೀಸಿಗೆ ಹೋದರೆ ಅಲ್ಲಿ ನಾಯಕ ಕೋಟು ತೊಟ್ಟು ಇಸ್ಪೀಟ್ ಹಿಡಿದು ಕೂತಿರುತ್ತಾನೆ. ಅವನು ಎಲೆ ತಿರುಗಿಸಿದರೆ ಶಿಳ್ಳೆ. ನಮ್ಮವನು ತಿರುಗಿಸಿದರೆ ಲಾಠಿ. ಎಲೆ ಮಾತ್ರ ಅವೇ 52.

ಗೆಳೆಯರೇ, ಈ ವ್ಯತ್ಯಾಸ ತಾನಾಗಿ ಹುಟ್ಟಿದ್ದಲ್ಲ. ಇದನ್ನು ನಮ್ಮ ಕಣ್ಣಿಗೆ ರೂಢಿ ಮಾಡಿಸಿದ್ದಾರೆ.

1979ರ ಹಿಂದಿ ಚಿತ್ರ 'ದಿ ಗ್ರೇಟ್ ಗ್ಯಾಂಬ್ಲರ್' ನೋಡಿ. ಅಮಿತಾಭ್ ಬಚ್ಚನ್ ಅಲ್ಲಿ ಜೂಜಿನ ನಿಪುಣ. 2006ರ 'ಕ್ಯಾಸಿನೋ ರಾಯಲ್' ನೋಡಿ. ಜೇಮ್ಸ್ ಬಾಂಡ್ ಪೋಕರ್ ಆಡಲು ಕೂರುತ್ತಾನೆ. ಪಣದ ದುಡ್ಡು ಯಾರದು? ಬ್ರಿಟಿಷ್ ಸರ್ಕಾರದ್ದು. ಅದನ್ನು ಸೋತ ಮೇಲೆ? ಅಮೆರಿಕದ ಗೂಢಚಾರ ಮತ್ತೆ ದುಡ್ಡು ಕೊಡುತ್ತಾನೆ! ನಮ್ಮ ಹುಡುಗ ಸೋತಾಗ ಪಕ್ಕಕ್ಕೆ ಬಂದು ಕೂರೋನು ಮೀಟರ್ ಬಡ್ಡಿಯವನು.

ಕೊನೆಯ ಕೈಯಲ್ಲಿ ಬಾಂಡ್‌ಗೆ ಒಂದೇ ಗುರುತಿನ ಐದು ಎಲೆ ಸಾಲಾಗಿ ಬೀಳುತ್ತವೆ. ಏಳು ಎಲೆಗಳಿಂದ ಐದನ್ನು ಆರಿಸುವ ಆ ಆಟದಲ್ಲಿ ಹೀಗಾಗೋದು ಸುಮಾರು 3,200 ಸಲಕ್ಕೆ ಒಮ್ಮೆ. ಮೇಷ್ಟ್ರುಗಳೇ, ಗಣಿತದ ತರಗತಿಯಲ್ಲಿ ಹುಡುಗರ ಕೈಲೇ ಈ ಲೆಕ್ಕ ಮಾಡಿಸಿ. ಉಳಿದ 3,199 ಸಲ ಏನಾತು ಅಂತ ಯಾವ ಸಿನಿಮಾನೂ ತೋರಿಸಲ್ಲ. ತೆರೆಯ ಮೇಲೆ ಎಲೆ ಹಂಚೋನು ಅದೃಷ್ಟ ಅಲ್ಲ, ಡೈರೆಕ್ಟರು.

ಬೇರೆ ಥರ ತೋರಿಸೋಕೆ ಆಗಲ್ಲವಾ? ಆಗುತ್ತೆ. 1955ರಲ್ಲೇ ರಾಜ್ ಕಪೂರ್ 'ಶ್ರೀ 420' ಮಾಡಿದರು. ಬರಿಗೈಲಿ ಬೊಂಬಾಯಿಗೆ ಬಂದವನ ಇಸ್ಪೀಟ್ ಕೈಚಳಕವನ್ನು ಶ್ರೀಮಂತರು ಹೇಗೆ ದುಡಿಸಿಕೊಳ್ಳುತ್ತಾರೆ ಅನ್ನೋದು ಅದರಲ್ಲಿ ಐತಿ. 1965ರ 'ದಿ ಸಿನ್ಸಿನಾಟಿ ಕಿಡ್' ಚಿತ್ರದಲ್ಲಿ ಕೊನೆಯ ಕೈ ನಾಯಕನೇ ಸೋಲುತ್ತಾನೆ. ಸೋಲನ್ನು ತೋರಿಸಲು ಎದೆ ಬೇಕು ಅಷ್ಟೆ.

ನಮ್ಮ ಕಡೆ ಬಯಲಲ್ಲಿ ಎಲೆ ಹಿಡಿಯೋನು ಯಾರು? ಮಳೆ ಕೈಕೊಟ್ಟಾಗ ಮಂಡ್ಯಕ್ಕೆ ಕಬ್ಬು ಕಡಿಯಲು, ಮಲೆನಾಡಿಗೆ ಕಾಫಿ ತೋಟದ ಕೆಲಸಕ್ಕೆ, ಬೆಂಗಳೂರಿಗೆ ಗಾರೆ ಕೆಲಸಕ್ಕೆ ಗುಳೆ ಹೋಗೋನು. ಕೇರಿಯವನು, ತಾಂಡಾದವನು. ಯುಗಾದಿಗೆ ಊರಿಗೆ ಬರ್ತಾನ. ತಿಂಗಳುಗಟ್ಟಲೆ ದುಡಿದ ಕೂಲಿ ಒಂದು ರಾತ್ರಿಗೆ ಹೋತು. ಹೆಂಡತಿಯ ಕಿವಿಯೋಲೆ ಗಿರವಿ ಅಂಗಡಿಗೆ ಹೋತು. ಸಂಘದ ಕಂತು ಕಟ್ಟೋಕೆ ಮತ್ತೆ ಕಳೆ ಕೀಳೋಳು ಅವಳೇ. ಗೌಡ, ಕಂಟ್ರಾಕ್ಟರು, ಪುಡಾರಿ ಆಡೋದಿಲ್ವಾ? ಆಡ್ತಾರ, ಬಾಗಿಲು ಹಾಕ್ಕೊಂಡು. ಅವರ ಆಟ ಅಂದರ್, ನಮ್ಮದು ಬಾಹರ್. ಜೂಜುಕೋರರ ಓಣಿ ಅನ್ನೋ ಹೆಸರು ಮಾತ್ರ ಕೇರಿಗೆ.

ಕಾನೂನೂ ಇದೇ ಗೆರೆ ಎಳೆದಿದೆ. ಬಯಲಲ್ಲಿ ಆಡಿದವನಿಗೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 87ನೇ ಕಲಂ. ಸಿಕಂದರಾಬಾದಿನ ಕ್ಲಬ್ಬೊಂದರ ಪ್ರಕರಣದಲ್ಲಿ 1967ರಲ್ಲಿ ಸುಪ್ರೀಂ ಕೋರ್ಟು, ರಮ್ಮಿ ಮುಖ್ಯವಾಗಿ ಜಾಣ್ಮೆಯ ಆಟ ಎಂದಿತು. ಅಂದರ್ ಬಾಹರ್ ಬರೀ ಅದೃಷ್ಟದ ಆಟ ಅನ್ನೋದು ನಿಜ, ಅದನ್ನು ನಾವು ಸಮರ್ಥಿಸೋದಿಲ್ಲ. ಆದರೆ ಆ 'ಜಾಣ್ಮೆ'ಯ ನೆರಳಲ್ಲಿ ಮೊಬೈಲ್ ರಮ್ಮಿಯ ಕಂಪನಿಗಳು ಬೆಳೆದವು. ತೆರೆಯ ಮೇಲೆ ಗೆದ್ದ ನಟರೇ ಜಾಹೀರಾತಿಗೆ ಬಂದು ಆಡ್ರಪ್ಪಾ ಅಂದರು. ಹಣ ಕಟ್ಟಿ ಆಡುವ ಆನ್‌ಲೈನ್ ಆಟವನ್ನೂ ಅದರ ಜಾಹೀರಾತನ್ನೂ ನಿಷೇಧಿಸುವ ಕೇಂದ್ರ ಕಾಯ್ದೆ ಬಂದದ್ದು 2025ರ ಆಗಸ್ಟಿನಲ್ಲಿ. ಅಷ್ಟರಲ್ಲಿ ಎಷ್ಟು ಮನೆಗಳು ಬರಿದಾಗಿದ್ದವು!

ಇನ್ನು ಪೌರಾಣಿಕ ಸಿನಿಮಾಗಳು. ದಾಳ ಉರುಳಿದಾಗಲೆಲ್ಲ ಕ್ಯಾಮೆರಾ ಓಡೋದು ಶಕುನಿಯ ಕಣ್ಣಿಗೆ. ಮೋಸ ಮಾಡಿದವನು ಶಕುನಿ, ಸರಿ. ಹೆಂಡತಿಯನ್ನು ಪಣಕ್ಕಿಡೋ ಹಕ್ಕು ಧರ್ಮರಾಯನಿಗೆ ಯಾರು ಕೊಟ್ಟರು? ಆ ದಾಳ ಮೋಸದ್ದಲ್ಲದೆ ನೇರವಾಗೇ ಬಿದ್ದಿದ್ದರೆ ದ್ರೌಪದಿಯನ್ನು ಎಳೆತಂದದ್ದು ನ್ಯಾಯವಾಗುತ್ತಿತ್ತೇ? ದ್ರೌಪದಿ ತುಂಬಿದ ಸಭೆಯಲ್ಲಿ ಕೇಳಿದ ಪ್ರಶ್ನೆಯೂ ಈ ಹಕ್ಕಿನದೇ. ಗಿರವಿ ಅಂಗಡಿ ಮುಂದೆ ನಿಂತ ನಮ್ಮ ಹೆಣ್ಣುಮಕ್ಕಳ ಪ್ರಶ್ನೆಯೂ ಅದೇ. ತೆರೆಯ ಮೇಲಿನ ಜೂಜುಗಾರನಿಗೆ ಮನೆಯೇ ಇರೋದಿಲ್ಲ, ಒಲೆ ಇರೋದಿಲ್ಲ, ಹಸಿದ ಕೂಸು ಇರೋದಿಲ್ಲ. ಅವನ ಪಕ್ಕ ನಿಲ್ಲೋ ಹೆಣ್ಣು ಬರೀ ಒಡವೆ.

ನಾವು ಸಿನಿಮಾ ಬ್ಯಾಡ ಅನ್ನೋದಿಲ್ಲ. ಇಸ್ಪೀಟ್ ಪಾಪ ಅಂತ ಮಠದ ಸ್ವಾಮಿಯ ಹಾಗೆ ಉಪದೇಶ ಮಾಡೋದೂ ಇಲ್ಲ. ವರ್ಷದ ಕೂಲಿಯೇ ಜೂಜಾಗಿರುವವನಿಗೆ ಎಲೆಯ ಆಸೆ ಎಲ್ಲಿಂದ ಹುಟ್ಟುತ್ತೆ ಅಂತ ನಮಗೆ ಗೊತ್ತು. ಮಳೆ ಬಂದರೆ ಅಂದರ್, ಬರದಿದ್ದರೆ ಬಾಹರ್ ಅನ್ನೋ ಬದುಕು ಅವನದು. ಅವನಿಗೆ ಬೇಕಾದದ್ದು ಊರಲ್ಲೇ ಕೆಲಸ, ಹೊಲಕ್ಕೆ ನೀರು, ಕೈಗೆ ನ್ಯಾಯವಾದ ಕೂಲಿ. ಅದನ್ನು ಕೊಡದ ವ್ಯವಸ್ಥೆ ಅವನಿಗೆ ಎರಡು ಗಂಟೆಯ ಗೆಲುವಿನ ಕನಸು ಮಾರುತ್ತದೆ. ಹೊರಗೆ ಬಂದಾಗ ಕೈಗೆ ಕೋಳ ಹಾಕುತ್ತದೆ.

ವಿದ್ಯಾರ್ಥಿ ಗೆಳೆಯರೇ, ಮುಂದಿನ ಸಲ ತೆರೆಯ ಮೇಲೆ ನಾಯಕ ಎಲೆ ತಿರುಗಿಸಿದಾಗ ಶಿಳ್ಳೆ ಹಾಕೋ ಮುಂಚೆ ಪಕ್ಕದವನನ್ನು ಕೇಳಿ: ಇವನ ಎದುರು ಸೋತವನ ಮನೆ ಎಲ್ಲೈತಿ? ಅಲ್ಲಿ ಇವತ್ತು ಒಲೆ ಹೊತ್ತಿತಾ?