ಐಸಿಯುನಲ್ಲಿ ಶುಗರ್ ನೋಡುವ ಬಗೆ

ಅಂಕೋಲೆ ಬಳಿಯ ಬೊಬ್ರುವಾಡದಲ್ಲಿ ಯಾರಿಗಾದರೂ ಮೈಗೆ ನಂಜೇರಿ ಉಸಿರು ಕಷ್ಟವಾದರೆ ಮೊದಲು ಅಂಕೋಲೆಯ ಆಸ್ಪತ್ರೆ, ಆಮೇಲೆ ಕಾರವಾರದ ವೈದ್ಯಕೀಯ ಕಾಲೇಜು, ಅಲ್ಲೂ ಆಗದಿದ್ದರೆ ಮಣಿಪಾಲ, ಹುಬ್ಬಳ್ಳಿ ಇಲ್ಲವೇ ಗೋವಾ. ಮನೆಯವರು ಬಿಪಿ, ಆಕ್ಸಿಜನ್ ಎಷ್ಟಿದೆ ಎಂದು ವಿಚಾರಿಸುತ್ತಾರೆ. ಶುಗರ್ ಅಷ್ಟಾಗಿ ನೆನಪಾಗುವುದಿಲ್ಲ. ಆದರೆ ಸಕ್ಕರೆ ಕಾಯಿಲೆ ಇಲ್ಲದವರಲ್ಲೂ ನಂಜು ಮತ್ತು ಸ್ಟಿರಾಯ್ಡ್ ಶುಗರ್ ಏರಿಸುತ್ತವೆ. 2021ರಲ್ಲಿ ಕೋವಿಡ್ ರೋಗಿಗಳಲ್ಲಿ ಕಪ್ಪು ಶಿಲೀಂಧ್ರ ಹಬ್ಬಿದ್ದಕ್ಕೆ ಇದೂ ಒಂದು ಕಾರಣ.

ಇನ್ಸುಲಿನ್ ಡ್ರಿಪ್ ಹಾಕಿದ ಮೇಲೆ ಹೆಚ್ಚುಕಡಿಮೆ ತಾಸಿಗೊಮ್ಮೆ ಶುಗರ್ ನೋಡಬೇಕು. ನಾಲ್ಕಾರು ಹಾಸಿಗೆ ನೋಡಿಕೊಳ್ಳುವ ನರ್ಸ್‌ಗೆ ರಾತ್ರಿಯಿಡೀ ಅದೇ ಕೆಲಸ. ಅದರ ಬದಲು ತೋಳಿಗೆ ಅಂಟಿಸಿದ ಶುಗರ್ ಸೆನ್ಸರ್ ಐದೈದು ನಿಮಿಷಕ್ಕೆ ಅಂಕಿ ಕೊಡುತ್ತದೆ, ಶುಗರ್ ಇಳಿಯುತ್ತಿದ್ದರೆ ಕೂಗಿ ಎಚ್ಚರಿಸುತ್ತದೆ. ಪ್ರಜ್ಞೆ ಇಲ್ಲದ ರೋಗಿ ಕೈ ನಡುಗುತ್ತಿದೆ, ಬೆವರುತ್ತಿದ್ದೇನೆ ಎಂದು ಹೇಳಲಾರ. 2009ರಲ್ಲಿ ಪ್ರಕಟವಾದ, ಆರು ಸಾವಿರಕ್ಕೂ ಹೆಚ್ಚು ರೋಗಿಗಳಿದ್ದ ನೈಸ್-ಶುಗರ್ ಅಧ್ಯಯನದಲ್ಲಿ ಶುಗರನ್ನು 81ರಿಂದ 108ರೊಳಗೆ ಬಿಗಿಹಿಡಿದ ಗುಂಪಿನ 6.8% ಜನರಲ್ಲಿ ಅದು ಅಪಾಯದ ಮಟ್ಟಕ್ಕೆ ಇಳಿಯಿತು. 180ರ ಕೆಳಗಿದ್ದರೆ ಸಾಕೆಂದ ಗುಂಪಿನಲ್ಲಿ 0.5%. ಬಿಗಿಹಿಡಿದವರಲ್ಲೇ ಸಾವೂ ಹೆಚ್ಚು. ಹೀಗಿರುವಾಗ ಸೆನ್ಸರ್ ಬೇಕೆನ್ನುವವರ ಮಾತನ್ನು ತಳ್ಳಿಹಾಕಲಾಗದು.

ಬೇಡವೆನ್ನುವವರ ಮಾತಿಗೂ ಅಷ್ಟೇ ತೂಕವಿದೆ. ಸೆನ್ಸರ್ ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು. ಬಿಪಿ ಕುಸಿದು ಅದನ್ನು ಏರಿಸಲು ನಾರ್‌ಅಡ್ರಿನಲಿನ್ ಓಡುತ್ತಿದ್ದರೆ ಚರ್ಮಕ್ಕೆ ರಕ್ತ ಸರಿಯಾಗಿ ಹರಿಯದು, ಮೈ ಬಾತಿರುತ್ತದೆ. ಅಂಕಿ ಯಾರಿಗೆ ಹೆಚ್ಚು ಬೇಕೋ ಅವರಲ್ಲೇ ತಪ್ಪುವ ಭಯ. ಬೆರಳಿನ ಚುಚ್ಚೂ ಆಗ ಪೂರ್ತಿ ನಂಬಿಕೆಗೆ ಅರ್ಹವಲ್ಲ, ಅಪಧಮನಿಯ ರಕ್ತವೇ ಗಟ್ಟಿ. ಅಮೆರಿಕದ ಎಫ್‌ಡಿಎ 2020ರಲ್ಲಿ ಆಸ್ಪತ್ರೆಗಳಿಗೆ ಈ ಸೆನ್ಸರ್ ಬಳಸಲು ಸಡಿಲಿಕೆ ಕೊಟ್ಟದ್ದು ಕೋವಿಡ್ ವಾರ್ಡಿಗೆ ನರ್ಸ್‌ಗಳು ಪದೇಪದೇ ಹೋಗುವುದನ್ನು ತಪ್ಪಿಸಲು. ಒಂದು ಸೆನ್ಸರ್‌ಗೆ ಸಾವಿರಾರು ರೂಪಾಯಿ. ಎಂಆರ್‌ಐಗೆ ಒಯ್ಯುವಾಗ ಹಲವು ಸೆನ್ಸರ್‌ಗಳನ್ನು ಕಿತ್ತೆಸೆಯಬೇಕು.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಪ್ರಶ್ನೆಯಿದೆ. ಹುಬ್ಬಳ್ಳಿ ದಾರಿಯ ಅರಬೈಲ್ ಘಾಟಿಯ ತಿರುವುಗಳಲ್ಲಿ ಓಡುವ ಆಂಬುಲೆನ್ಸ್‌ನಲ್ಲಿ ಬೆರಳು ಚುಚ್ಚಿ ನೋಡುವುದು ಕಷ್ಟ, ಸೆನ್ಸರ್ ಅಲ್ಲೇ ಹೆಚ್ಚು ಉಪಯೋಗ. ಆದರೆ ಅದರ ಅಂಕಿ ತೋರಿಸುವ ರೀಡರ್ ಕಾರವಾರದಲ್ಲೇ ಉಳಿದರೆ ತೋಳಿನ ಮೇಲಿನ ಬಿಲ್ಲೆಯಿಂದ ಹುಬ್ಬಳ್ಳಿಯವರಿಗೆ ಏನು ಪ್ರಯೋಜನ?

ಬಿಪಿ ಸ್ಥಿರವಾಗಿದ್ದು ಇನ್ಸುಲಿನ್ ಮೇಲಿರುವ ರೋಗಿಗೆ ಸೆನ್ಸರ್ ಕಾವಲಿಗಿರಲಿ, ಇನ್ಸುಲಿನ್ ಪ್ರಮಾಣವನ್ನು ಮಾತ್ರ ರಕ್ತ ನೋಡಿಯೇ ಬದಲಿಸಲಿ ಎಂಬುದು ನನ್ನ ನಿಲುವು. ಹಣ ಒಂದಕ್ಕೇ ಸಾಕಾಗುವುದಾದರೆ, ರಾತ್ರಿ ಪಾಳಿಗೆ ಇನ್ನೊಬ್ಬ ನರ್ಸ್ ಮೊದಲು ಬರಲಿ.