ಕಿಟಕಿಗೊಂದು ಮರೆ
ಬೆಂಗಳೂರಿನ 30×40 ಸೈಟಿನಲ್ಲಿ ನಮ್ಮ ಮಲಗುವ ಕೋಣೆಯ ಕಿಟಕಿಗೂ ಪಕ್ಕದವರ ಅಡುಗೆಮನೆಗೂ ನಡುವೆ ಒಂದು ಮಾರು ಜಾಗವಿದ್ದರೆ ಅದೇ ದೊಡ್ಡದು. ಹಳೆಯ ಮರದ ಕಿಟಕಿಗೆ ಗೆದ್ದಲು ಹಿಡಿದ ಮೇಲೆ ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್ ಚೌಕಟ್ಟಿನ ಗಾಜಿನ ಕಿಟಕಿ ಹಾಕಿಸಿದೆವು. ದೂಳು, ಸದ್ದು ಕಡಿಮೆಯಾಯಿತು, ಆದರೆ ಮರದ ಕದ ಮುಚ್ಚಿದರೆ ಸಿಗುತ್ತಿದ್ದ ಮರೆ ಹೋಯಿತು. ಅದಕ್ಕೆಂದು ಬ್ಲೈಂಡ್ಸ್ ಹಾಕಲು ಬಂದ ಹುಡುಗ ನೇರವಾಗಿ ಫ್ರೇಮಿಗೇ ಡ್ರಿಲ್ ಹಿಡಿದಾಗ ತಡೆದೆ. ಈ ಚೌಕಟ್ಟು ಮರದ ಹಾಗೆ ಇಡಿಯಾದದ್ದಲ್ಲ. ಒಳಗೆಲ್ಲ ಟೊಳ್ಳು ಗೂಡುಗಳು, ಬಲಕ್ಕೆಂದು ತೂರಿಸಿದ ಉಕ್ಕಿನ ಪಟ್ಟಿ, ಮಳೆನೀರು ಹೊರಹೋಗುವ ದಾರಿಯೂ ಅಲ್ಲೇ. ತಪ್ಪಿದ ಕಡೆ ತೂತು ಬಿದ್ದರೆ ನೀರು ಒಳಗಿಳಿಯಬಹುದು, ಗಾಜಿಗೂ ಅಪಾಯ, ವಾರಂಟಿಯೂ ಹೋಗಬಹುದು. ಗೋಡೆಗೇ ಹಾಕಪ್ಪಾ ಎಂದೆ. ಲಿಂಟಲ್ ಕಾಂಕ್ರೀಟಿಗೆ ಹ್ಯಾಮರ್ ಡ್ರಿಲ್ಲೇ ಬೇಕು, ಹೊತ್ತು ಹಿಡಿಯುತ್ತದೆ. ಹಿಡಿಯಲಿ, ಪ್ಲಗ್ ಬಡಿದು ಸ್ಕ್ರೂ ಬಿಗಿದರೆ ಅಲುಗುವುದಿಲ್ಲ. ಎರಡೂ ಬದಿಗೆ 3 ಇಂಚು ಹೆಚ್ಚು ಅಗಲವಿಟ್ಟರೆ ಅಂಚಿನ ಸಂದಿಯಿಂದ ಒಳಗೆ ಕಾಣುವುದು ತಪ್ಪುತ್ತದೆ, ಗೋಡೆಗೆ ಹಾಕಿದ್ದರಿಂದ ಸೊಳ್ಳೆಜಾಲರಿಯ ಕದವೂ ಸಲೀಸಾಗಿ ಸರಿಯುತ್ತದೆ. ಬ್ಲೈಂಡ್ಸಿನ ಬಟ್ಟೆಯನ್ನು ಮಾತ್ರ ಹಗಲು ನೋಡಿ ಒಪ್ಪಿಕೊಳ್ಳಬೇಡಿ. ತೆಳುವಾದದ್ದು ಬಿಸಿಲಿರುವಾಗ ಮರೆಯೇ. ರಾತ್ರಿ ಒಳಗೆ ದೀಪ ಹಾಕಿದೊಡನೆ ನಮ್ಮ ಓಡಾಟವೆಲ್ಲ ಎದುರು ಮನೆಗೆ ಕಾಣುತ್ತದೆ. ಇದೆಲ್ಲಕ್ಕಿಂತ ನನ್ನನ್ನು ಕಾಡಿದ್ದು ಎಳೆಯುವ ದಾರ. ಜೋತುಬಿದ್ದ ಕುಣಿಕೆ ಕುತ್ತಿಗೆಗೆ ಸುತ್ತಿಕೊಂಡು ಪುಟ್ಟ ಮಕ್ಕಳ ಜೀವ ಹೋದದ್ದುಂಟು. ಮೊಮ್ಮಗಳು ಮಲಗುವ ಕೋಣೆಗೆ ದಾರವಿಲ್ಲದ್ದನ್ನೇ ಹಾಕಿಸಿ, ಅವಳ ಮಂಚವನ್ನೂ ಕಿಟಕಿಯಿಂದ ದೂರಕ್ಕೆ ಎಳೆದೆ.